ಹರಿಯುವಾಗಲೇ ತೂಗುವ ಕೊಳವೆ



ಗುಂತಕಲ್ಲಿನಿಂದ ಆದೋನಿಗೆ ಹೋಗುವ ರೈಲು ದಾರಿಯಲ್ಲಿ ಆಸ್ಪರಿ ಸಿಗುತ್ತದೆ. 1953ರವರೆಗೆ ಈ ಸೀಮೆ ಬಳ್ಳಾರಿ ಜಿಲ್ಲೆಗೇ ಸೇರಿತ್ತು. ಹತ್ತಿ, ಶೇಂಗಾ ಬೆಳೆಯುವ ನೆಲ. ಎಣ್ಣೆ ಕೊಳ್ಳುವವರಿಗೆ ಇಲ್ಲಿ ಒಂದು ಪ್ರಶ್ನೆ ಹಳೆಯದು: ಅಳತೆಯೋ, ತೂಕವೋ? ಹದಿನೈದು ಲೀಟರಿನ ಡಬ್ಬಿಯೂ ಹದಿನೈದು ಕಿಲೋ ಡಬ್ಬಿಯೂ ಅಂಗಡಿಯಲ್ಲಿ ಒಂದೇ ಥರ ಕಾಣುತ್ತವೆ. ಲೀಟರಿನ ಡಬ್ಬಿಯಲ್ಲಿ ಎಣ್ಣೆ ಸುಮಾರು ಒಂದೂಕಾಲು ಕಿಲೋ ಕಡಿಮೆ.

ಇನ್ನೊಂದು ತೊಡಕು ಬಿಸಿಯದು. ಕಾದ ಎಣ್ಣೆ ಉಬ್ಬುತ್ತದೆ. ಒಂದು ಲೀಟರ್ ಸೋಯಾ ಎಣ್ಣೆ 21 ಡಿಗ್ರಿಯಲ್ಲಿ 919 ಗ್ರಾಂ ತೂಗಿದರೆ, 60 ಡಿಗ್ರಿಯಲ್ಲಿ 892.6 ಗ್ರಾಂ ಮಾತ್ರ. ಲೀಟರ್ ಸುಳ್ಳು ಹೇಳುವುದಿಲ್ಲ, ಆದರೆ ಕೊಂಡವರ ಕೈಗೆ ಬರುವ ಎಣ್ಣೆ ಕಡಿಮೆ. ಕೇಂದ್ರ ಸರ್ಕಾರ 2022ರಲ್ಲಿ ಪೊಟ್ಟಣದ ಮೇಲೆ ಉಷ್ಣತೆಯ ಮಾತು ಬಿಟ್ಟು ತೂಕವನ್ನೂ ಬರೆಯಿರಿ ಎಂದು ಕಂಪನಿಗಳಿಗೆ ಸೂಚಿಸಿದ್ದು ಇದೇ ಕಾರಣಕ್ಕೆ. ಸರಿಯಾದ ಹೆಜ್ಜೆ ಅದು.

ಡಬ್ಬಿಯನ್ನು ತಕ್ಕಡಿಗೆ ಇಡಬಹುದು. ಕೊಳವೆಯಲ್ಲಿ ಓಡುತ್ತಿರುವ ಎಣ್ಣೆಯನ್ನು ತೂಗುವುದು ಹೇಗೆ? ಕ್ಲೆಮೆನ್ಸ್ ಹರ್ಷೆಲ್ 1887ರಲ್ಲಿ ತಂದ ವೆಂಚುರಿ ಮೀಟರ್ ಕೊಳವೆ ಕಿರಿದಾದ ಕಡೆ ಒತ್ತಡ ಇಳಿಯುವುದನ್ನು ನೋಡಿ ಹರಿವಿನ ಲೆಕ್ಕ ಕೊಟ್ಟಿತು. ಅದು ಗಾತ್ರದ ಲೆಕ್ಕ. ತೂಕ ಬೇಕೆಂದರೆ ಸಾಂದ್ರತೆಯನ್ನು ಬೇರೆಯಾಗಿ ತಿಳಿಯಬೇಕಿತ್ತು.

ನೇರವಾಗಿ ತೂಗುವ ದಾರಿಯ ಬೀಜ ಅದಕ್ಕೂ ಮುಂಚೆಯೇ ಬಿದ್ದಿತ್ತು. ಫ್ರಾನ್ಸಿನ ಗಾಸ್ಪಾರ್ ಕಾರಿಯೋಲಿಸ್ 1835ರಲ್ಲಿ, ನೀರಿನ ಚಕ್ರದಂಥ ತಿರುಗುವ ಯಂತ್ರಗಳಲ್ಲಿ ಚಲಿಸುವ ವಸ್ತುವಿನ ಮೇಲೆ ಪಕ್ಕಕ್ಕೆ ತಳ್ಳುವ ಬಲವನ್ನು ಲೆಕ್ಕಕ್ಕೆ ತಂದರು. ಜಾತ್ರೆಯಲ್ಲಿ ಸುತ್ತುವ ಹಲಗೆಯ ನಡುವಿನಿಂದ ಅಂಚಿಗೆ ನಡೆದು ನೋಡಿ, ಹೆಜ್ಜೆ ಹೆಜ್ಜೆಗೂ ಮೈ ಪಕ್ಕಕ್ಕೆ ವಾಲುತ್ತದೆ. ಅದೇ ಬಲ. ಭಾರ ಹೆಚ್ಚಿದಷ್ಟೂ ಅದು ಹೆಚ್ಚು.

ಈಗ ಹಲಗೆಯ ಬದಲು ಲಾಳದಂತೆ ಬಗ್ಗಿಸಿದ ಕೊಳವೆ. ಎರಡು ತುದಿ ಬಿಗಿದಿವೆ, ಬಾಗಿದ ಭಾಗ ವಿದ್ಯುತ್ ಕಾಂತದಿಂದ ಸೆಕೆಂಡಿಗೆ ನೂರರ ಲೆಕ್ಕದಲ್ಲಿ ನಡುಗುತ್ತದೆ. ಖಾಲಿ ನಿಂತಾಗ ಎರಡು ಕಾಲೂ ಒಟ್ಟಿಗೆ ನಡುಗುತ್ತವೆ. ದ್ರವ ಹರಿದ ಕೂಡಲೇ ಒಳಬರುವ ಕಾಲು ಸ್ವಲ್ಪ ಹಿಂದೆ ಬೀಳುತ್ತದೆ, ಹೊರಹೋಗುವ ಕಾಲು ಮುಂದೆ ಓಡುತ್ತದೆ, ಕೊಳವೆ ತುಸು ತಿರುಚಿಕೊಳ್ಳುತ್ತದೆ. ಎರಡು ಕಾಲುಗಳ ನಡುವಿನ ಆ ಮೈಕ್ರೋಸೆಕೆಂಡುಗಳ ಅಂತರವೇ ಹರಿದ ತೂಕದ ಲೆಕ್ಕ. ಎಣ್ಣೆ ಬಿಸಿಯೋ, ತಣ್ಣಗೋ ಎಂಬುದು ಆ ಲೆಕ್ಕವನ್ನು ಬದಲಿಸುವುದಿಲ್ಲ. ನಡುಗುವ ವೇಗವೇ ದ್ರವದ ಸಾಂದ್ರತೆಯನ್ನೂ ಹೇಳುತ್ತದೆ. ನನಗೆ ಇದು ಇಂದಿಗೂ ಅಚ್ಚರಿ.

ಇದು ಬಳಕೆಗೆ ಒದಗಲು ಕಾರಿಯೋಲಿಸರ ಬರಹದಿಂದ 142 ವರ್ಷ ಹಿಡಿಯಿತು. ಅಮೆರಿಕದ ಬೋಲ್ಡರ್ ಪಟ್ಟಣದಲ್ಲಿ 1977ರಲ್ಲಿ ಹುಟ್ಟಿದ ಮೈಕ್ರೋ ಮೋಷನ್ ಕಂಪನಿ ಇಂಥ ಮೀಟರನ್ನು ಮಾರುಕಟ್ಟೆಗೆ ತಂದಿತು. ಅಷ್ಟು ಚಿಕ್ಕ ಅಂತರವನ್ನು ಹಿಡಿಯಲು ಎಲೆಕ್ಟ್ರಾನಿಕ್ಸ್ ಬೇಕಿತ್ತು.

ಸಿಎನ್‌ಜಿ ಪಂಪಿಗೆ ಹೋಗಿ ನೋಡಿ. ದಾಭೋಳದಿಂದ ಬೆಂಗಳೂರಿಗೆ 2013ರಲ್ಲಿ ಬಂದ ಗ್ಯಾಸ್ ಕೊಳವೆಯ ಬಳಿಕ ಇಂಥ ಪಂಪುಗಳೂ ನಮ್ಮ ಕಡೆ ಬಂದವು. ಅಲ್ಲಿ ಗ್ಯಾಸ್ ಮಾರುವುದು ಕಿಲೋ ಲೆಕ್ಕದಲ್ಲಿ, ಏಕೆಂದರೆ ಒತ್ತಡ ಬದಲಾದರೆ ಗ್ಯಾಸಿನ ಗಾತ್ರಕ್ಕೆ ಅರ್ಥವೇ ಇರದು. ಪೆಟ್ಟಿಗೆಯೊಳಗೆ ನಡುಗುವ ಕೊಳವೆಯೇ ತೂಗುತ್ತಿರುತ್ತದೆ.

ಆ ಮೀಟರನ್ನೂ ಪರೀಕ್ಷಿಸಬೇಕಲ್ಲ? ಪಾಲಕ್ಕಾಡಿನಲ್ಲಿ ಅದಕ್ಕೆಂದೇ ದ್ರವ ನಿಯಂತ್ರಣ ಸಂಶೋಧನಾ ಸಂಸ್ಥೆ ಇದೆ. ಅಂಥ ಪ್ರಯೋಗಾಲಯದಲ್ಲಿ ಮೀಟರಿನ ಮೂಲಕ ನೀರು ಹರಿಸಿ, ಅದನ್ನು ತೊಟ್ಟಿಯಲ್ಲಿ ತುಂಬಿಸಿ, ಕೊನೆಗೆ ತಕ್ಕಡಿಯ ಮೇಲೆ ತೂಗುತ್ತಾರೆ.