ಭಾವನವರು ಹಾಕಿದ ಸಹಿ

(ಮಠದ ಮಾಸಿಕ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)

 

ನಾನು ವೈದ್ಯನಲ್ಲ. ಮೂವತ್ತನಾಲ್ಕು ವರ್ಷ ನೀರಾವರಿ ಇಲಾಖೆಯಲ್ಲಿ ಕಾಲುವೆ, ಸೇತುವೆ ಕಟ್ಟಿಸಿ ನಿವೃತ್ತನಾದವನು. ಕ್ಯಾನ್ಸರ್ ಬಗ್ಗೆ ಮಾತಾಡಲು ನಿನಗೇನು ಅಧಿಕಾರ ಎಂದು ನೀವು ಕೇಳಬಹುದು. ನಮ್ಮ ಮನೆಯೊಳಗೆ ಅದು ಬಂದು ಕೂತಿತ್ತು, ಆಗ ನಾನು ಒಂದು ತಪ್ಪು ಸಲಹೆ ಕೊಟ್ಟೆ. ಅಷ್ಟೇ ನನ್ನ ಅಧಿಕಾರ.

ನಮ್ಮ ಅಕ್ಕನ ಯಜಮಾನರು ಒಕ್ಕಲುತನ ಮಾಡಿದವರು. ನಲವತ್ತು ವರ್ಷ ಎಲೆ ಅಡಿಕೆ ತಂಬಾಕು ಹಾಕಿದರು. 2019ರಲ್ಲಿ ನಾಲಿಗೆಯ ಅಂಚಿನಲ್ಲಿ ಒಂದು ಹುಣ್ಣಾಯಿತು. ಹಲ್ಲು ಚುಚ್ಚಿ ಆಗಿದೆ ಅಂತ ಮೂರು ತಿಂಗಳು ಮುಲಾಮು ಹಚ್ಚಿದರು. ಕಡೆಗೆ ತುಣುಕು ತೆಗೆದು ಪರೀಕ್ಷೆ ಮಾಡಿಸಿದಾಗ ಕ್ಯಾನ್ಸರ್ ಎಂದು ಬಂತು. ಇದನ್ನು 'ಹೆಡ್ ಅಂಡ್ ನೆಕ್' ಕ್ಯಾನ್ಸರ್ ಅನ್ನುತ್ತಾರೆ. ಹೆಡ್ ಎಂದ ಕೂಡಲೆ ನಮ್ಮ ಅಕ್ಕ ಮಿದುಳಿಗೆ ಬಂತು ಎಂದು ಅಳಲು ಸುರು ಮಾಡಿದ್ದರು. ಮಿದುಳು ಇದರಲ್ಲಿ ಸೇರುವುದಿಲ್ಲ. ಬಾಯಿ, ನಾಲಿಗೆ, ಗಂಟಲು, ಧ್ವನಿಪೆಟ್ಟಿಗೆ, ಮೂಗಿನ ಒಳಭಾಗ ಇವುಗಳ ಕ್ಯಾನ್ಸರಿಗೆ ಆ ಹೆಸರು. 2020ರ ಅಂದಾಜಿನಂತೆ ಜಗತ್ತಿನಲ್ಲಿ ಒಂದು ವರ್ಷಕ್ಕೆ ಸುಮಾರು 3.77 ಲಕ್ಷ ಜನರಿಗೆ ತುಟಿ ಮತ್ತು ಬಾಯಿಯ ಕ್ಯಾನ್ಸರ್ ಬಂದರೆ, ಅದರಲ್ಲಿ 1.35 ಲಕ್ಷಕ್ಕೂ ಹೆಚ್ಚು ಜನ ನಮ್ಮ ದೇಶದವರು.

ಹುಣ್ಣು ಸಣ್ಣದಿತ್ತು. ಕುತ್ತಿಗೆಯಲ್ಲಿ ಗಂಟು ಕೈಗೆ ಸಿಕ್ಕಿರಲಿಲ್ಲ. ಆದರೂ ಶಸ್ತ್ರವೈದ್ಯರು, ನಾಲಿಗೆಯ ಭಾಗದ ಜೊತೆಗೆ ಕುತ್ತಿಗೆಯ ದುಗ್ಧಗ್ರಂಥಿಗಳನ್ನೂ ತೆಗೆಯಬೇಕು ಎಂದರು. ಹಲ್ಲು ಬಾತಾಗ ದವಡೆಯ ಕೆಳಗೆ ಕೈಗೆ ಸಿಗುತ್ತವಲ್ಲ, ಆ ಗಂಟುಗಳು. ಭಾವನವರು ಕೇಳಿದರು: "ಅಲ್ರೀ ಡಾಕ್ಟ್ರ, ಕುತಗ್ಯಾಗ ಏನೂ ಇಲ್ಲ ಅಂತೀರಿ, ಮತ್ತ ಯಾಕ ಕೊಯ್ತೀರಿ?"

ಎಂಥ ಸರಿಯಾದ ಪ್ರಶ್ನೆ ನೋಡಿ. ಜಗತ್ತಿನ ದೊಡ್ಡ ದೊಡ್ಡ ವೈದ್ಯರೇ ದಶಕಗಳ ಕಾಲ ಇದೇ ಪ್ರಶ್ನೆಯ ಮೇಲೆ ಜಗಳಾಡಿದ್ದರು. ಕಣ್ಣಿಗೆ ಕಾಣದ ಬೇರು ಅಲ್ಲಿರಬಹುದು, ಮೊದಲೇ ತೆಗೆಯಿರಿ ಎಂದು ಕೆಲವರು. ಸುಮ್ಮನೆ ಕುತ್ತಿಗೆ ಕೊಯ್ದರೆ ಭುಜ ಎತ್ತಲು ಬಾರದಂತಾಗುತ್ತದೆ, ಗಂಟು ಬಂದಾಗ ತೆಗೆದರಾಯಿತು ಎಂದು ಇನ್ನು ಕೆಲವರು. ಇಬ್ಬರೂ ಅನುಭವಿಗಳೇ, ಇಬ್ಬರ ಕೈಯಲ್ಲೂ ರೋಗಿಗಳು ಗುಣವಾಗಿದ್ದರು. ಇಂಥ ಜಗಳ ವಾದದಿಂದ ಮುಗಿಯುವುದಿಲ್ಲ.

ಇದನ್ನು ಬಗೆಹರಿಸಿದವರು ನಮ್ಮ ದೇಶದವರೇ. ಮುಂಬೈಯ ಟಾಟಾ ಮೆಮೋರಿಯಲ್ ಆಸ್ಪತ್ರೆಯಲ್ಲಿ ಡಾ. ಅನಿಲ್ ಡಿಕ್ರೂಜ್ ಮತ್ತು ಅವರ ಸಂಗಡಿಗರು 2004ರಲ್ಲಿ ಒಂದು ಕ್ಲಿನಿಕಲ್ ಟ್ರಯಲ್ ಆರಂಭಿಸಿದರು. ಸಣ್ಣ ಗಾತ್ರದ ಬಾಯಿ ಕ್ಯಾನ್ಸರ್ ಇದ್ದು ಕುತ್ತಿಗೆಯಲ್ಲಿ ಗಂಟು ಕಾಣದವರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಮೊದಲ ಆಪರೇಷನ್ನಿನಲ್ಲೇ ಕುತ್ತಿಗೆಯ ಗ್ರಂಥಿಗಳನ್ನೂ ತೆಗೆಯುವುದು. ಇನ್ನೊಂದು ಗುಂಪಿಗೆ ಬಾಯಿಯದನ್ನಷ್ಟೇ ತೆಗೆದು, ಗಂಟು ಬರುತ್ತದೆಯೋ ಎಂದು ಕಾದು ನೋಡುವುದು. ಯಾರು ಯಾವ ಗುಂಪಿಗೆ ಎಂದು ತೀರ್ಮಾನಿಸುವವರು ವೈದ್ಯರೂ ಅಲ್ಲ, ರೋಗಿಯೂ ಅಲ್ಲ. ಚೀಟಿ ಎತ್ತಿದ ಹಾಗೆ. ಹತ್ತು ವರ್ಷದಲ್ಲಿ 596 ಜನ ಸೇರಿದರು. 500 ಜನರ ಲೆಕ್ಕ ತೆಗೆದಾಗ ವ್ಯತ್ಯಾಸ ಎಷ್ಟು ಸ್ಪಷ್ಟವಾಗಿತ್ತೆಂದರೆ, ಮುಂದೆ ಹೊಸಬರನ್ನು ಸೇರಿಸುವುದನ್ನೇ ನಿಲ್ಲಿಸಿದರು. ಮೂರು ವರ್ಷದ ನಂತರ ಬದುಕಿರುವ ಪ್ರಮಾಣ, ಮೊದಲೇ ಗ್ರಂಥಿ ತೆಗೆಸಿಕೊಂಡವರಲ್ಲಿ ನೂರಕ್ಕೆ 80. ಕಾದು ನೋಡಿದವರಲ್ಲಿ 67.5. ಸರಿಸುಮಾರು ಎಂಟು ಜನರಿಗೆ ಹೀಗೆ ಮಾಡಿದರೆ ಒಂದು ಜೀವ ಹೆಚ್ಚಿಗೆ ಉಳಿಯುತ್ತದೆ. 2015ರಲ್ಲಿ ಈ ಫಲಿತಾಂಶ ಹೊರಬಿತ್ತು, ವಾದ ಮುಗಿಯಿತು.

ಶಸ್ತ್ರವೈದ್ಯರು ಇದನ್ನು ಒಂದು ಹಾಳೆಯ ಮೇಲೆ ಬರೆದು ತೋರಿಸಿದರು. ಭಾವನವರು ಒಪ್ಪಿದರು. ತೆಗೆದ ಗ್ರಂಥಿಗಳಲ್ಲಿ ಒಂದರಲ್ಲಿ ನಿಜಕ್ಕೂ ಕ್ಯಾನ್ಸರಿನ ಕಣಗಳಿದ್ದವು.

ಇಲ್ಲಿಯವರೆಗೆ ನಾನು ಶಾಣ್ಯಾನೇ ಇದ್ದೆ. ಮುಂದೆ ಕೇಳಿ.

ಮೂರು ವರ್ಷ ಚೆನ್ನಾಗಿದ್ದರು. ಮಾತು ಸ್ವಲ್ಪ ತೊದಲುತ್ತಿತ್ತು, ಖಾರ ತಿನ್ನಲು ಆಗುತ್ತಿರಲಿಲ್ಲ, ಆದರೆ ಹೊಲಕ್ಕೆ ಹೋಗುತ್ತಿದ್ದರು. 2022ರಲ್ಲಿ ರೋಗ ಮರಳಿತು, ಈ ಸಲ ಕೊಯ್ಯಲಾಗದ ಜಾಗದಲ್ಲಿ. ಆಗ ಇನ್ನೊಂದು ಆಸ್ಪತ್ರೆಯಲ್ಲಿ ವೈದ್ಯೆಯೊಬ್ಬರು, ನಮ್ಮಲ್ಲಿ ಒಂದು ಟ್ರಯಲ್ ನಡೆದಿದೆ, ನೀವು ಅರ್ಹರಿದ್ದೀರಿ, ಯೋಚನೆ ಮಾಡಿ ಹೇಳಿ ಎಂದರು. ಅಕ್ಕ ನನಗೆ ಫೋನ್ ಮಾಡಿದಳು. "ತಮ್ಮಾ, ಇವರ ಮ್ಯಾಲೆ ಪ್ರಯೋಗ ಮಾಡ್ತಾರಂತ, ಏನ್ ಮಾಡೂದು?" ನಾನು ಒಂದು ಕ್ಷಣವೂ ಯೋಚಿಸಲಿಲ್ಲ. "ಬ್ಯಾಡ ಅನ್ನು. ನಾವೇನು ಇಲಿಗಳಾ?" ಎಂದೆ.

ಕಾಂಕ್ರೀಟಿನ ಕ್ಯೂಬ್ ಎರಕ ಹೊಯ್ದು, 28 ದಿನ ನೀರಲ್ಲಿಟ್ಟು, ಮಷೀನಿನಲ್ಲಿ ಒಡೆದು ನೋಡದೆ ಬಿಲ್ಲಿಗೆ ಸಹಿ ಹಾಕದ ಮನುಷ್ಯ ನಾನು. ಪರೀಕ್ಷೆ ಮಾಡದ ಸಿಮೆಂಟನ್ನು ನಂಬುವುದಿಲ್ಲ, ಆದರೆ ಔಷಧದ ಪರೀಕ್ಷೆ ಮಾತ್ರ ಬೇರೆ ಯಾರದೋ ಮನೆಯವರ ಮೇಲೆ ಆಗಬೇಕು! ಆ ಹೊತ್ತಿಗೆ ಈ ವಿರೋಧಾಭಾಸ ನನಗೆ ಹೊಳೆಯಲಿಲ್ಲ.

ಹೊಳೆದದ್ದು ಭಾವನವರಿಗೆ. ಮರುದಿನ ನಾನು ಹೋದಾಗ ಕೇಳಿದರು: "ಇಂಜಿನಿಯರ್ ಸಾಹೇಬ್ರ, ಆವತ್ತು ನನ್ನ ಕುತಗಿ ಕೊಯ್ಯಬೇಕು ಅಂತ ಡಾಕ್ಟ್ರಿಗೆ ಹೆಂಗ ಗೊತ್ತಾತು?" ಮುಂಬೈಯ ಐದುನೂರು ಚಿಲ್ಲರೆ ಜನರಿಂದ ಎಂದೆ. "ಅವರ ಮನ್ಯಾಗ ನಿಮ್ಮಂಥವರು ಯಾರೂ ಇದ್ದಿಲ್ಲ ಕಾಣಸ್ತದ" ಎಂದರು. ನಾನು ಸುಮ್ಮನಾದೆ.

ನಮ್ಮ ಭಯಕ್ಕೆ ಕಾರಣವೇ ಇಲ್ಲ ಎಂದು ನಾನು ಹೇಳುವುದಿಲ್ಲ. ಬಡವರಿಗೆ, ಅಕ್ಷರ ಬಾರದವರಿಗೆ ಸರಿಯಾಗಿ ತಿಳಿಸದೆ ಹೆಬ್ಬೆಟ್ಟು ಒತ್ತಿಸಿಕೊಂಡ ಪ್ರಕರಣಗಳು ಈ ದೇಶದಲ್ಲಿ ನಡೆದಿವೆ, ಸುಪ್ರೀಂ ಕೋರ್ಟಿನವರೆಗೆ ಹೋಗಿವೆ. ಅದರಿಂದಲೇ ನಿಯಮಗಳು ಬಿಗಿಯಾದವು. 2009ರಿಂದ ಪ್ರತಿ ಟ್ರಯಲ್ಲನ್ನೂ ಸಿ.ಟಿ.ಆರ್.ಐ. ಎಂಬ ಸರ್ಕಾರಿ ನೋಂದಣಿಯಲ್ಲಿ ಮೊದಲೇ ದಾಖಲಿಸಬೇಕು, ಅದನ್ನು ಯಾರು ಬೇಕಾದರೂ ನೋಡಬಹುದು. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ, ಪ್ರಯೋಗದಿಂದ ಹಾನಿಯಾದರೆ ಚಿಕಿತ್ಸೆಯ ಖರ್ಚು ರೋಗಿಯದಲ್ಲ, ಪರಿಹಾರವನ್ನೂ ಕೊಡಬೇಕು. ಓದು ಬಾರದವರ ಒಪ್ಪಿಗೆಗೆ ಹೊರಗಿನ ಒಬ್ಬ ಸಾಕ್ಷಿ ಇರಬೇಕು. ಯಾವಾಗ ಬೇಕಾದರೂ, ಕಾರಣ ಹೇಳದೆ ಹೊರಬರಬಹುದು, ಬಂದರೆ ಮಾಮೂಲಿ ಚಿಕಿತ್ಸೆ ತಪ್ಪಿಸುವಂತಿಲ್ಲ.

ಆಸ್ಪತ್ರೆಯವರು ಕೊಟ್ಟ ಮಾಹಿತಿ ಪತ್ರ ಹದಿನಾಲ್ಕು ಪುಟ ಇತ್ತು. ಎರಡು ರಾತ್ರಿ ಓದಿ ಹೇಳಿದೆ. ಕನ್ನಡ ಎಂದರೆ ಹೆಸರಿಗೆ ಕನ್ನಡ. ಒಂದು ಕಡೆ 'ಯಾದೃಚ್ಛಿಕೀಕರಣ' ಎಂದಿತ್ತು. ಇಂಜಿನಿಯರಿಂಗ್ ಓದಿದ ನಾನೇ ನಾಲ್ಕು ಸಲ ಓದಿದೆ. "ಹಂಗಂದ್ರ?" ಎಂದರು ಭಾವ. ಚೀಟಿ ಎತ್ತುವುದು ಎಂದೆ. "ಹಂಗಂತ ಬರದಿದ್ರ ಕೈ ನೋಯ್ತಿತ್ತೇನು ಅವರಿಗೆ?" ಎಂದರು. ಈ ಪತ್ರಗಳನ್ನು ಬರೆಯುವವರ ಎದುರು ಒಬ್ಬ ರೈತನನ್ನು ಕೂರಿಸಬೇಕು ಅನ್ನಿಸಿತು ನನಗೆ.

ಮತ್ತೆ ಆಸ್ಪತ್ರೆಗೆ ಹೋದೆವು. ಭಾವನವರು ತಾವೇ ಕೇಳಿದರು. ಒಲ್ಲೆ ಅಂದರೆ ಔಷಧ ಬಿಡುತ್ತೀರಾ? ಇಲ್ಲ. ಒಂದು ಗುಂಪಿಗೆ ಏನೂ ಕೊಡದೆ ಸುಣ್ಣದ ಗುಳಿಗೆ ಕೊಡುತ್ತೀರಾ? ಇಲ್ಲ, ಈಗ ರೂಢಿಯಲ್ಲಿರುವ ಔಷಧ ಎರಡೂ ಗುಂಪಿಗೆ ಇದೆ, ಒಂದು ಗುಂಪಿಗೆ ಇನ್ನೊಂದು ಸೇರಿಸುತ್ತೇವೆ. ಕೊನೆಗೆ ಕೇಳಿದರು: "ಅದು ಸೇರಿಸಿದ್ರ ನನಗ ಚಲೋ ಆಗ್ತದೇನವ್ವಾ?" ಆ ಹುಡುಗಿ ಭಾವನವರ ಮುಖ ನೋಡಿ, "ಗೊತ್ತಿಲ್ಲ ಅಜ್ಜಾರ. ಗೊತ್ತಿದ್ರ ಟ್ರಯಲ್ ಮಾಡ್ತಿರಲಿಲ್ಲ, ಎಲ್ಲರಿಗೂ ಅದನ್ನ ಕೊಡ್ತಿದ್ವಿ" ಎಂದಳು.

ನನಗೆ ಮೊದಲು ಸಿಟ್ಟು ಬಂತು. ಆಮೇಲೆ ತಿಳಿಯಿತು, ಅದೇ ಪ್ರಾಮಾಣಿಕ ಉತ್ತರ. ಹೊಸದೆಲ್ಲ ಒಳ್ಳೆಯದಲ್ಲ. ಅಮೆರಿಕ ಮತ್ತು ಕೆನಡಾದಲ್ಲಿ ವೈರಸ್ಸಿನಿಂದ ಬರುವ ಗಂಟಲು ಕ್ಯಾನ್ಸರಿಗೆ, ವಿಕಿರಣದ ಜೊತೆ ಕೊಡುವ ಹಳೆಯ ಸಿಸ್ಪ್ಲಾಟಿನ್ ಬದಲು ಸೆಟುಕ್ಸಿಮ್ಯಾಬ್ ಎಂಬ ಹೊಸ ಔಷಧ ಕೊಟ್ಟು ನೋಡಿದರು. ತ್ರಾಸು ಕಡಿಮೆಯಾಗಿ ಗುಣ ಅಷ್ಟೇ ಇರುತ್ತದೆ ಎಂಬ ಭರವಸೆ. ಫಲಿತಾಂಶ ಬಂದಾಗ ಐದು ವರ್ಷಕ್ಕೆ ಬದುಕಿರುವ ಪ್ರಮಾಣ ಹಳೆಯದರಲ್ಲಿ ನೂರಕ್ಕೆ 84.6, ಹೊಸದರಲ್ಲಿ 77.9. ಟ್ರಯಲ್ ಮಾಡದೆ ಹೊಸದಕ್ಕೆ ಹಾರಿದ್ದರೆ ಎಷ್ಟು ಜೀವ ಹೋಗುತ್ತಿದ್ದವು?

ಇನ್ನೊಂದು ಮಾತು. ಟ್ರಯಲ್ ಎಂದರೆ ಕಂಪನಿಯವರ ವ್ಯಾಪಾರ ಎಂದು ನಾವು ತಿಳಿದಿದ್ದೇವೆ. ಬಹಳ ಸಲ ಹೌದು. ಆದರೆ ಟಾಟಾ ಆಸ್ಪತ್ರೆಯವರು ರೋಗ ಮರಳಿದ, ಹರಡಿದ 422 ಜನರಲ್ಲಿ ಮೆಥೊಟ್ರೆಕ್ಸೇಟ್ ಮತ್ತು ಸೆಲೆಕಾಕ್ಸಿಬ್ ಎಂಬ ಹಳೆಯ, ಅಗ್ಗದ ಗುಳಿಗೆಗಳನ್ನು ಸಿಸ್ಪ್ಲಾಟಿನ್ ಸಲೈನಿಗೆ ಹೋಲಿಸಿದರು. 2020ರ ಫಲಿತಾಂಶದಲ್ಲಿ ಗುಳಿಗೆಯವರ ಸರಾಸರಿ ಆಯುಸ್ಸು 7.5 ತಿಂಗಳು, ಸಲೈನಿನವರದು 6.1. ಅಂತರ ಸಣ್ಣದು, ಆದರೆ ಮನೆಯಲ್ಲೇ ನುಂಗುವ ಗುಳಿಗೆ, ತ್ರಾಸೂ ಕಡಿಮೆ. ಮುಂದೆ ಇದೇ ಬಗೆಯ ಗುಳಿಗೆಗಳ ಜೊತೆ ನಿವೊಲುಮ್ಯಾಬ್ ಎಂಬ ಬಹಳ ದುಬಾರಿ ಔಷಧವನ್ನು, ರೂಢಿಯಲ್ಲಿ ಎರಡು ವಾರಕ್ಕೊಮ್ಮೆ 240 ಮಿಲಿಗ್ರಾಂ ಕೊಡುವುದನ್ನು, ಮೂರು ವಾರಕ್ಕೊಮ್ಮೆ ಬರೀ 20 ಮಿಲಿಗ್ರಾಂ ಕೊಟ್ಟು ನೋಡಿದರು. 151 ಜನ ಸೇರಿದ್ದರು. ಒಂದು ವರ್ಷ ಬದುಕಿದವರ ಪ್ರಮಾಣ ಬರೀ ಗುಳಿಗೆಯಲ್ಲಿ ನೂರಕ್ಕೆ 16.3 ಇದ್ದದ್ದು 43.4 ಆಯಿತು. ಒಂದು ಸಲಕ್ಕೆ ಕೊಡುವ ಔಷಧವನ್ನು ಹನ್ನೆರಡನೇ ಒಂದು ಪಾಲಿಗೆ ಇಳಿಸಿ ನೋಡುವ ಆಸೆ ಅದನ್ನು ಮಾರುವ ಕಂಪನಿಗೆ ಇರುತ್ತದೆಯೇ? ಬಡವರ ಪ್ರಶ್ನೆಗೆ ಉತ್ತರ ಬೇಕಾದರೆ ಬಡವರ ಆಸ್ಪತ್ರೆಗಳಲ್ಲೇ ಟ್ರಯಲ್ ಆಗಬೇಕು, ಅದಕ್ಕೆ ನಮ್ಮ ಜನ ಸೇರಬೇಕು.

ಮಠಕ್ಕೂ ಇದಕ್ಕೂ ಏನು ಸಂಬಂಧ? ಎರಡು ಸಂಗತಿ ಪೂಜ್ಯರ ಗಮನಕ್ಕೆ ತರುತ್ತೇನೆ. ಪ್ರತಿ ಟ್ರಯಲ್ಲಿಗೂ ಒಪ್ಪಿಗೆ ಕೊಡುವ ಒಂದು ಎಥಿಕ್ಸ್ ಕಮಿಟಿ ಇರುತ್ತದೆ. ಕನಿಷ್ಠ ಏಳು ಜನ, ಅರ್ಧದಷ್ಟು ಆಸ್ಪತ್ರೆಯ ಹೊರಗಿನವರು. ಅದರಲ್ಲಿ ಒಬ್ಬ ಸಾಮಾನ್ಯ ನಾಗರಿಕ, ಒಬ್ಬ ಮಹಿಳೆ, ಒಬ್ಬ ಕಾನೂನು ತಜ್ಞ ಇರಬೇಕು. ಜೊತೆಗೆ ಸಮಾಜವಿಜ್ಞಾನಿ, ಸ್ವಯಂಸೇವಾ ಸಂಸ್ಥೆಯವರು, ದಾರ್ಶನಿಕರು ಅಥವಾ ಧರ್ಮಚಿಂತಕರು ಇಂಥವರಲ್ಲಿ ಒಬ್ಬರಿಗೆ ಸ್ಥಾನ ಎಂದು ನಿಯಮವೇ ಹೇಳುತ್ತದೆ. ನಮ್ಮ ಮಠಗಳೇ ವೈದ್ಯಕೀಯ ಕಾಲೇಜು ನಡೆಸುತ್ತವೆ. ಆ ಕುರ್ಚಿಯಲ್ಲಿ ಹೆಸರಿಗೊಬ್ಬರು ಕೂತು ಚಹಾ ಕುಡಿದು ಸಹಿ ಹಾಕುವ ಬದಲು, 'ಯಾದೃಚ್ಛಿಕೀಕರಣ' ಎಂದರೇನು ಎಂದು ಕೇಳುವವರು ಕೂರಲಿ. ಎರಡನೆಯದು, ಕೇರಳದ ತಿರುವನಂತಪುರ ಜಿಲ್ಲೆಯಲ್ಲಿ ತರಬೇತಿ ಪಡೆದ ಕಾರ್ಯಕರ್ತರು ಮನೆಮನೆಗೆ ಹೋಗಿ ಬಾಯಿ ತೆರೆಸಿ ಬರಿಗಣ್ಣಿನಿಂದ ನೋಡಿದ ದೊಡ್ಡ ಟ್ರಯಲ್ ಒಂದಿದೆ. 2005ರಲ್ಲಿ ಬಂದ ಅದರ ಫಲಿತಾಂಶದಲ್ಲಿ, ತಂಬಾಕು ಅಥವಾ ಮದ್ಯದ ಚಟವಿದ್ದವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಸುಮಾರು ಮೂರನೇ ಒಂದರಷ್ಟು ಇಳಿಯಿತು. ಜಾತ್ರೆಯ ದಿನ ದಾಸೋಹಕ್ಕೆ ಬಂದವರ ಬಾಯಿಯನ್ನು ಒಬ್ಬ ದಂತವೈದ್ಯರು ಟಾರ್ಚು ಹಿಡಿದು ನೋಡಿದರೆ ಖರ್ಚು ಎಷ್ಟಾದೀತು? ನಮ್ಮ ಭಾವನವರ ಮೂರು ತಿಂಗಳು ಉಳಿಯುತ್ತಿತ್ತು.

ಭಾವನವರು ಸಹಿ ಹಾಕಿದರು. ಹೊಸ ಔಷಧ ಇಲ್ಲದ ಗುಂಪಿನಲ್ಲಿ ಅವರ ಚೀಟಿ ಬಂತು. ಅಕ್ಕನಿಗೆ ಬೇಸರವಾಯಿತು. ಅವರು ಮಾತ್ರ, "ಆ ಕಡೆ ತೂಗಾಕೂ ಯಾರರ ಬೇಕಲ್ಲ" ಎಂದರು. ತಪ್ಪದೆ ಪ್ರತಿ ತಿಂಗಳು ಬಸ್ಸು ಹತ್ತಿ ಹೋಗಿ ರಕ್ತ ಕೊಟ್ಟು ಬಂದರು. 2023ರ ಶ್ರಾವಣದಲ್ಲಿ ಲಿಂಗೈಕ್ಯರಾದರು.

ಅವರ ಮಾಹಿತಿ ಪತ್ರದ ಮೇಲಿನ ನೋಂದಣಿ ಸಂಖ್ಯೆಯನ್ನು ನನ್ನ ಡೈರಿಯಲ್ಲಿ ಬರೆದಿಟ್ಟುಕೊಂಡಿದ್ದೇನೆ. ತಿಂಗಳಿಗೊಮ್ಮೆ ಮೊಮ್ಮಗಳ ಕೈಯಲ್ಲಿ ಮೊಬೈಲಿನಲ್ಲಿ ತೆಗೆಸಿ ನೋಡುತ್ತೇನೆ. ಫಲಿತಾಂಶ ಇನ್ನೂ ಬಂದಿಲ್ಲ. ಅಕ್ಕ ಪ್ರತಿ ಸಲ ಕೇಳುತ್ತಾಳೆ.