ನೋವು, ನಿದ್ರೆ ಮತ್ತು ವೈದ್ಯನ ಚೀಟಿ

(ದತ್ತಿ ಉಪನ್ಯಾಸ)



ಮಾದಕ ವ್ಯಸನವೆಂದೊಡನೆ ನಮ್ಮ ಮನಸ್ಸು ಗಾಂಜಾದ ಹೊಗೆಯನ್ನೂ ಊರ ಹೊರಗಿನ ಪಾಳುಮಂಟಪವನ್ನೂ ಪೊಲೀಸರ ದಾಳಿಯನ್ನೂ ಕಲ್ಪಿಸಿಕೊಳ್ಳುವುದು ಸಹಜವೇ ಸರಿ. ಈ ಸಂಜೆ ನಾನು ನಿವೇದಿಸಬೇಕೆಂದಿರುವ ವ್ಯಸನವಾದರೋ ಹಾಡುಹಗಲಿನಲ್ಲಿ, ಪರವಾನಗಿ ಪತ್ರಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ ಅಂಗಡಿಯಿಂದ, ಪದವೀಧರನಾದ ವೈದ್ಯನ ಸಹಿಯುಳ್ಳ ಚೀಟಿಯ ಬಲದಿಂದ, ಒಮ್ಮೊಮ್ಮೆ ರಶೀದಿಯ ಸಮೇತ ಮನೆಯೊಳಕ್ಕೆ ಬರತಕ್ಕದ್ದು. ಬಂದು, ಕನ್ನಡಕದ ಡಬ್ಬಿಯ ಪಕ್ಕದಲ್ಲಿಯೋ ದಿಂಬಿನ ಕೆಳಗೋ ನೆಲಸಿ, ಮನೆಯವರಾರಿಗೂ ಸಂದೇಹ ಹುಟ್ಟಿಸದೆ ವರ್ಷಗಟ್ಟಲೆ ಅಲ್ಲಿಯೇ ಇರತಕ್ಕದ್ದು. ಕಳ್ಳನನ್ನು ಅಟ್ಟುವುದಕ್ಕಿಂತಲೂ ನಾವೇ ಕರೆದು ಕೂರಿಸಿದ ಅತಿಥಿಯನ್ನು ಎಬ್ಬಿಸಿ ಕಳುಹಿಸುವುದು ಕಷ್ಟ.

ವೈದ್ಯನು ಹೇಳಿದ ಪ್ರಮಾಣವನ್ನಾಗಲಿ ಅವಧಿಯನ್ನಾಗಲಿ ಮೀರಿ, ಅಥವಾ ಅವನು ಉದ್ದೇಶಿಸದ ಕಾರಣಕ್ಕಾಗಿ ಔಷಧವನ್ನು ಸೇವಿಸುವುದೂ, ಒಬ್ಬರಿಗೆ ಬರೆದುದನ್ನು ಮತ್ತೊಬ್ಬರು ನುಂಗುವುದೂ ಔಷಧದ ದುರುಪಯೋಗವೆನಿಸುತ್ತದೆ. ಇದಕ್ಕೆ ಈಡಾಗುವ ಔಷಧಗಳಲ್ಲಿ ಮುಖ್ಯವಾದ ಪಂಗಡಗಳು ಎರಡು. ಅಫೀಮಿನ ವಂಶಕ್ಕೆ ಸೇರಿದ, ಅಥವಾ ಅದರಂತೆಯೇ ವರ್ತಿಸುವ ಮಾರ್ಫೀನ್, ಕೊಡೀನ್, ಟ್ರಮಡಾಲ್, ಟಪೆಂಟಡಾಲ್ ಮೊದಲಾದುವು ಒಂದು. ಆತಂಕವನ್ನು ತಗ್ಗಿಸಿ ನಿದ್ರೆ ಬರಿಸುವ ಆಲ್ಪ್ರಜೋಲಾಮ್, ಡಯಾಜೆಪಾಮ್, ಕ್ಲೋನಜೆಪಾಮ್ ಮೊದಲಾದುವು ಇನ್ನೊಂದು. ಉತ್ತೇಜಕಗಳೆಂಬ ಮೂರನೆಯ ಪಂಗಡವೂ ಉಂಟು. ಅದರ ಮಾತನ್ನು ಇಂದು ಎತ್ತುವುದಿಲ್ಲ.

ಇದರ ವ್ಯಾಪ್ತಿಯೆಷ್ಟು? ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯವರು ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ವರದಿಯು 2019ರಲ್ಲಿ ಪ್ರಕಟವಾಯಿತು. 10ರಿಂದ 75 ವರ್ಷದೊಳಗಿನ ಭಾರತೀಯರಲ್ಲಿ ಅಫೀಮನ್ನು ಬಳಸುವವರು ಶೇಕಡಾ 0.52, ಹೆರಾಯಿನ್ ಬಳಸುವವರು ಶೇಕಡಾ 1.14, ಅಂಗಡಿಯಲ್ಲಿ ಔಷಧವೆಂದು ಮಾರುವ ಅಫೀಮುವರ್ಗದ ಪದಾರ್ಥಗಳನ್ನು ಬಳಸುವವರು ಶೇಕಡಾ 0.96 ಎಂದು ಆ ವರದಿ ಹೇಳುತ್ತದೆ. ನಿದ್ರೆ ಬರಿಸುವ ಶಮನಕಾರಿ ಔಷಧಗಳನ್ನು ವೈದ್ಯರ ಸೂಚನೆಯ ಹೊರಗೆ ಬಳಸುವವರು ಶೇಕಡಾ 1.08, ಅಂದರೆ ಸುಮಾರು 1.18 ಕೋಟಿ ಜನ. ನಮ್ಮ ಅಜ್ಜಂದಿರ ಕಾಲದ ಅಫೀಮಿಗಿಂತಲೂ ಔಷಧದ ಕಾರ್ಖಾನೆಯಿಂದ ಹೊರಟು ಬರುವ ಅಫೀಮಿಗೆ ಇಂದು ಭಕ್ತರು ಹೆಚ್ಚೆಂದಾಯಿತು.

ಅಂಕಿಗಳನ್ನು ಬದಿಗಿರಿಸಿ ಯಾವುದಾದರೊಂದು ಮೆಡಿಕಲ್ ಸ್ಟೋರಿನ ಕಟ್ಟೆಯ ಮುಂದೆ, ಸಂಜೆ ಏಳರ ಹೊತ್ತಿಗೆ, ಸ್ವಲ್ಪ ಕಾಲ ನಿಲ್ಲುವವರಿಗೆ ವಿಷಯವು ಇನ್ನೂ ಸ್ಪಷ್ಟವಾಗುವುದು. ಗೃಹಿಣಿಯೊಬ್ಬಳ ಬ್ಯಾಗಿನಿಂದ ನಾಲ್ಕು ಮಡಿಕೆಯಾಗಿ ಮಡಿಸಿದ, ಮಡಿಕೆಗಳಲ್ಲಿ ಹರಿದು ಅಂಟಿನ ಟೇಪು ಹಚ್ಚಿದ ಚೀಟಿಯೊಂದು ಹೊರಬರುತ್ತದೆ. ಅದರ ತಾರೀಖು ಯಾವ ಕಾಲದ್ದೋ! ಕಟ್ಟೆಯ ಹಿಂದಿನ ಹುಡುಗನು ಅದನ್ನು ಬಿಡಿಸಿ ನೋಡುವ ಶ್ರಮವನ್ನೂ ತೆಗೆದುಕೊಳ್ಳದೆ, “ಅದೇ ಅಲ್ವಾ ಅಮ್ಮಾ, ಎಷ್ಟು ಕೊಡ್ಲಿ?” ಎಂದು ಕೇಳಿ, ಮಾತ್ರೆಯ ಪಟ್ಟಿಯನ್ನು ಕತ್ತರಿಯಿಂದ ಕತ್ತರಿಸಿಕೊಡುತ್ತಾನೆ, ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂಬ ಎಚ್ಚರಿಕೆಯ ಅಕ್ಷರಗಳು ಕೊಂಡವರ ತುಂಡಿಗೆ ಅರ್ಧ, ಅಂಗಡಿಯಲ್ಲಿ ಉಳಿದ ತುಂಡಿಗೆ ಅರ್ಧ ಹಂಚಿಹೋಗುತ್ತವೆ. 1945ರ ಔಷಧ ನಿಯಮಗಳ ಪ್ರಕಾರ, ವೈದ್ಯನು ಹಾಗೆಂದು ಬರೆದಿದ್ದರೆ ಹೊರತು, ಇಂಥ ಚೀಟಿಯ ಮೇಲೆ ಔಷಧವನ್ನು ಒಂದಕ್ಕಿಂತ ಹೆಚ್ಚು ಸಲ ಕೊಡತಕ್ಕದ್ದಲ್ಲ. ಕೊಟ್ಟಾಗ ಅಂಗಡಿಯ ಹೆಸರನ್ನೂ ದಿನಾಂಕವನ್ನೂ ಆ ಚೀಟಿಯ ಮೇಲೆಯೇ ನಮೂದಿಸತಕ್ಕದ್ದು. 2014ರ ಮಾರ್ಚಿನಿಂದ ಜಾರಿಗೆ ಬಂದ ಎಚ್1 ಅನುಸೂಚಿಯಲ್ಲಿರುವ ಔಷಧಗಳಿಗೆ ಪ್ರತ್ಯೇಕವಾದ ಪುಸ್ತಕವನ್ನಿಟ್ಟು, ವೈದ್ಯನ ಹೆಸರು, ರೋಗಿಯ ಹೆಸರು, ಕೊಟ್ಟ ಪ್ರಮಾಣ ಇವುಗಳನ್ನು ಬರೆದು, ಮೂರು ವರ್ಷ ಕಾಪಾಡಬೇಕೆಂಬ ವಿಧಿಯೂ ಇದೆ. ಮೇಲೆ ಹೇಳಿದ ಚೀಟಿಯಲ್ಲಿ ಅಂಗಡಿಯ ಮೊಹರೊಂದನ್ನು ಹುಡುಕಿ ನೋಡಿ. ಟೇಪು ಸಿಕ್ಕೀತು, ಮೊಹರು ಸಿಕ್ಕದು.

ಆ ಚೀಟಿಯನ್ನು ಹಿಡಿದ ಗೃಹಿಣಿಯನ್ನು ಹೀಗಳೆಯುವುದು ನನ್ನ ಉದ್ದೇಶವಲ್ಲ. ಮನೆಯಲ್ಲಿ ಒಂದು ಸಾವಾಗಿ, ನಿದ್ರೆ ಹಾರಿಹೋಗಿ, ಯಾವನೋ ಸಹೃದಯ ವೈದ್ಯನು ಎರಡು ವಾರಕ್ಕೆಂದು ಬರೆದುಕೊಟ್ಟ ಮಾತ್ರೆ ಅದು. ಎರಡು ವಾರದ ಮೇಲೆ ಏನು ಮಾಡಬೇಕೆಂಬುದನ್ನು ಅವನು ಬರೆಯಲಿಲ್ಲ, ಆಕೆ ಕೇಳಲಿಲ್ಲ. ಈ ಜಾತಿಯ ಔಷಧಗಳನ್ನು ಎರಡರಿಂದ ನಾಲ್ಕು ವಾರಗಳನ್ನು ಮೀರಿ ಕೊಡಬಾರದೆಂದು ವೈದ್ಯಶಾಸ್ತ್ರವು ಬಹುಕಾಲದಿಂದ ಹೇಳುತ್ತ ಬಂದಿದೆ. ದಿನವೂ ಸೇವಿಸಿದಲ್ಲಿ ಮೆದುಳು ಅದಕ್ಕೆ ಒಗ್ಗಿಕೊಳ್ಳುತ್ತದೆ. ಒಂದು ರಾತ್ರಿ ಬಿಟ್ಟರೆ ಹಳೆಯ ಆತಂಕವು ಇಮ್ಮಡಿಯಾಗಿ ಮರಳುತ್ತದೆ. “ನೋಡಿದಿರಾ, ಮಾತ್ರೆಯಿಲ್ಲದೆ ನನಗಾಗದು” ಎಂಬ ತೀರ್ಮಾನವು ರೋಗಿಗೆ ಸ್ವಾನುಭವದಿಂದಲೇ ದೃಢವಾಗುತ್ತದೆ. ದೀರ್ಘಕಾಲ ಸೇವಿಸುತ್ತಿದ್ದವರು ಥಟ್ಟನೆ ಬಿಟ್ಟಲ್ಲಿ ಕೈನಡುಕ, ಬೆವರು, ದಿಗಿಲುಗಳಲ್ಲದೆ ಅಪಸ್ಮಾರದಂತಹ ಸೆಳವೂ ಬರಬಹುದು. ವೃದ್ಧಾಪ್ಯದಲ್ಲಾದರೆ ರಾತ್ರಿ ಎದ್ದಾಗ ಕಾಲು ತೊಡರಿ, ಬಿದ್ದು, ಸೊಂಟದ ಮೂಳೆ ಮುರಿದುಕೊಳ್ಳುವುದೂ, ಮರೆವು ಹೆಚ್ಚುವುದೂ ಸಾಮಾನ್ಯ. ಮನೆಯವರು ಅದನ್ನು ವಯಸ್ಸಿನ ಲೆಕ್ಕಕ್ಕೆ ಬರೆದು ಸುಮ್ಮನಾಗುತ್ತಾರೆ. ಮದ್ಯದೊಡನೆ ಸೇರಿದರೆ ಉಸಿರೇ ನಿಲ್ಲುವ ಭಯವುಂಟು.

ಯುವಕರ ಕಥೆ ಬೇರೆ ಬಗೆಯದು. ಕೊಡೀನ್ ಬೆರೆತ ಕೆಮ್ಮಿನ ಸಿರಪ್ಪನ್ನು ಕೆಮ್ಮಿಲ್ಲದವರು ಸೀಸೆಗಟ್ಟಲೆ ಕುಡಿಯುವುದೂ, ಟಪೆಂಟಡಾಲ್ ಮಾತ್ರೆಯನ್ನು ಪುಡಿಮಾಡಿ ನೀರಿನಲ್ಲಿ ಕದಡಿ ಸೂಜಿಯ ಮೂಲಕ ರಕ್ತನಾಳಕ್ಕೆ ಏರಿಸಿಕೊಳ್ಳುವುದೂ ಬೆಂಗಳೂರಿನಂತಹ ನಗರಗಳಲ್ಲಿ ಕಾಣಬರುತ್ತಿವೆ. ಮಾತ್ರೆಯನ್ನು ಗಟ್ಟಿಮಾಡಲು ಬೆರೆಸಿದ ಪದಾರ್ಥಗಳು ರಕ್ತದಲ್ಲಿ ಕರಗತಕ್ಕವಲ್ಲವಾದುದರಿಂದ ನಾಳಗಳು ಕಟ್ಟಿ ಕೈಕಾಲುಗಳಲ್ಲಿ ವ್ರಣಗಳಾಗುತ್ತವೆ. ಒಂದೇ ಸೂಜಿ ಹಲವರ ಕೈಗೆ ಹೋದಲ್ಲಿ ಎಚ್‌ಐವಿಯೂ ಕಾಮಾಲೆಯನ್ನು ತರುವ ಹೆಪಟೈಟಿಸ್ ಸಿ ರೋಗಾಣುವೂ ಹರಡುತ್ತವೆ.

ವೈದ್ಯನ ಚೀಟಿಯೇ ಒಂದು ರಾಷ್ಟ್ರವನ್ನು ಹೇಗೆ ವಿಪತ್ತಿಗೆ ನೂಕಬಲ್ಲದೆಂಬುದಕ್ಕೆ ಅಮೆರಿಕದ ನಿದರ್ಶನಕ್ಕಿಂತ ಪ್ರಬಲವಾದುದು ಬೇರೊಂದಿಲ್ಲವಾದ ಕಾರಣ, ಅದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ. 1980ರ ಜನವರಿಯಲ್ಲಿ ಅಲ್ಲಿನ ಪ್ರಸಿದ್ಧ ವೈದ್ಯಪತ್ರಿಕೆಯೊಂದು ಪೋರ್ಟರ್ ಮತ್ತು ಜಿಕ್ ಎಂಬಿಬ್ಬರ ಪುಟ್ಟ ಪತ್ರವನ್ನು ಅಚ್ಚುಹಾಕಿತು. ಆಸ್ಪತ್ರೆಯಲ್ಲಿದ್ದಾಗ ಅಫೀಮುವರ್ಗದ ಔಷಧ ಪಡೆದ 11,882 ಮಂದಿಯಲ್ಲಿ ವ್ಯಸನಕ್ಕೆ ಬಿದ್ದವರು ನಾಲ್ವರೇ ಎಂಬುದು ಅದರ ಸಾರ. ಪತ್ರ ಬರೆದವರು ಹೇಳಿದುದು ಆಸ್ಪತ್ರೆಯ ಹಾಸಿಗೆಯಲ್ಲಿ ದಾದಿಯ ಕಣ್ಣೆದುರಿಗೆ ಔಷಧ ಪಡೆದವರ ಮಾತು. ಅದನ್ನು ಓದಿದವರು, ಓದದೆಯೇ ಉದ್ಧರಿಸಿದವರು ಇನ್ನೂ ಹೆಚ್ಚು, ಮನೆಯಲ್ಲಿ ವರ್ಷಗಟ್ಟಲೆ ಮಾತ್ರೆ ನುಂಗುವವರಿಗೂ ಅದನ್ನು ಅನ್ವಯಿಸಿಬಿಟ್ಟರು. ಐದು ವಾಕ್ಯಗಳ ಪತ್ರವೊಂದು ಶಾಸ್ತ್ರಪ್ರಮಾಣವಾಗಿ ಮೆರೆದ ಇಂಥ ಪ್ರಸಂಗವು ವೈದ್ಯಕದ ಇತಿಹಾಸದಲ್ಲಿ ಅಪರೂಪವೇ ಸರಿ.

1996ರಲ್ಲಿ ಪರ್ಡ್ಯೂ ಫಾರ್ಮಾ ಎಂಬ ಕಂಪನಿಯು ಆಕ್ಸಿಕಾಂಟಿನ್ ಎಂಬ ಅಫೀಮುವರ್ಗದ ಮಾತ್ರೆಯನ್ನು ಮಾರುಕಟ್ಟೆಗೆ ತಂದಿತು. ಔಷಧವು ನಿಧಾನವಾಗಿ ದೇಹಕ್ಕಿಳಿಯುವುದರಿಂದ ದುರುಪಯೋಗದ ಸಂಭವವು ಕಡಿಮೆಯೆಂದು ನಂಬಲಾಗಿದೆ ಎಂಬ ಅರ್ಥದ ವಾಕ್ಯವೊಂದಕ್ಕೆ ಸರ್ಕಾರದ ಔಷಧ ನಿಯಂತ್ರಣ ಸಂಸ್ಥೆಯು ಅನುಮತಿ ಕೊಟ್ಟಿತು. ನಂಬಿದವರು ಯಾರು, ಯಾವ ಪ್ರಯೋಗದ ಆಧಾರದಿಂದ ಎಂಬುದನ್ನು ಆ ವಾಕ್ಯ ಹೇಳಲಿಲ್ಲ. ಆ ಅರ್ಜಿಯನ್ನು ಪರಿಶೀಲಿಸಿದ ಅಧಿಕಾರಿ ಕೆಲಕಾಲದ ಮೇಲೆ ಆ ಕಂಪನಿಯಲ್ಲೇ ನೌಕರಿಗೆ ಸೇರಿದನು. ಮಾತ್ರೆಯನ್ನು ಜಜ್ಜಿದೊಡನೆ ಹನ್ನೆರಡು ಗಂಟೆಗಳ ಔಷಧವು ಒಮ್ಮೆಗೇ ಬಿಡುಗಡೆಯಾಗುವುದೆಂಬುದನ್ನು ಜನರು ಬೇಗನೆ ಕಂಡುಕೊಂಡರು. 1996ರಲ್ಲಿ ಸುಮಾರು 4.8 ಕೋಟಿ ಡಾಲರ್‌ಗಳಷ್ಟಿದ್ದ ಅದರ ಮಾರಾಟವು 2000ದ ಹೊತ್ತಿಗೆ 100 ಕೋಟಿ ಡಾಲರ್‌ಗಳನ್ನು ಮೀರಿತು. 2007ರಲ್ಲಿ, ವ್ಯಸನದ ಭಯವನ್ನು ಕಡಿಮೆಮಾಡಿ ತೋರಿಸಿ ಮಾರಿದ ಅಪರಾಧವನ್ನು ಕಂಪನಿಯ ಅಂಗಸಂಸ್ಥೆಯೂ ಮೂವರು ಅಧಿಕಾರಿಗಳೂ ಒಪ್ಪಿಕೊಂಡು 60 ಕೋಟಿ ಡಾಲರ್‌ಗಳಿಗೂ ಮೇಲ್ಪಟ್ಟು ದಂಡ ತೆತ್ತರು. ತೆತ್ತು, ವ್ಯಾಪಾರವನ್ನು ಮುಂದುವರಿಸಿದರು.

ಪಶ್ಚಿಮ ವರ್ಜೀನಿಯಾದಲ್ಲಿ ಕರ್ಮಿಟ್ ಎಂಬ ಗ್ರಾಮವಿದೆ. ಜನಸಂಖ್ಯೆ ಸುಮಾರು 400. ಕಲ್ಲಿದ್ದಲ ಗಣಿಗಳ ಆ ನಾಡಿನಲ್ಲಿ ಬೆನ್ನುನೋವು, ಮಂಡಿನೋವುಗಳು ಕಲ್ಪಿತವಾದುವಲ್ಲ. ಅಲ್ಲಿನ ಒಂದೇ ಔಷಧದಂಗಡಿಗೆ ಎರಡು ವರ್ಷಗಳಲ್ಲಿ ಬಂದಿಳಿದ ಹೈಡ್ರೊಕೊಡೋನ್ ಎಂಬ ಅದೇ ವರ್ಗದ ಮಾತ್ರೆಗಳು ಸುಮಾರು 90 ಲಕ್ಷ! ಕಾರ್ಖಾನೆ ತಯಾರಿಸಿತು, ಸಗಟು ವ್ಯಾಪಾರಿ ಕಳುಹಿಸಿದನು, ವೈದ್ಯನು ಬರೆದನು, ಅಂಗಡಿಯವನು ಎಣಿಸಿ ಕೊಟ್ಟನು. ಪ್ರತಿಯೊಬ್ಬನ ಬಳಿಯೂ ಪರವಾನಗಿಯಿತ್ತು, ಸಾಕೆನ್ನುವುದನ್ನು ಮಾತ್ರ ಯಾರೂ ತಮ್ಮ ಕರ್ತವ್ಯವೆಂದುಕೊಳ್ಳಲಿಲ್ಲ. 2012ರಲ್ಲಿ ಅಮೆರಿಕದ ವೈದ್ಯರು ಈ ವರ್ಗದ ಔಷಧಗಳಿಗೆ ಬರೆದ ಚೀಟಿಗಳು 25 ಕೋಟಿಗೂ ಮೇಲೆ. ಜಜ್ಜಲು ಬಾರದ ಹೊಸ ಆಕ್ಸಿಕಾಂಟಿನ್ ಮಾತ್ರೆ 2010ರಲ್ಲೇ ಬಂದಾಗ, ಆಮೇಲೆ ಎಚ್ಚೆತ್ತು ಚೀಟಿಗಳನ್ನು ಬಿಗಿಮಾಡಿದಾಗ, ಅದಾಗಲೇ ವ್ಯಸನಕ್ಕೆ ಬಿದ್ದಿದ್ದವರಲ್ಲಿ ಅನೇಕರು ಅಗ್ಗದ ಹೆರಾಯಿನ್ನಿಗೂ, ಬಳಿಕ ಫೆಂಟನಿಲ್ ಎಂಬ ಘೋರ ಪದಾರ್ಥಕ್ಕೂ ಹೊರಳಿದರು. ಬಾಗಿಲು ಮುಚ್ಚಿದವರು ಒಳಗಿದ್ದವರ ಚಿಕಿತ್ಸೆಗೆ ಏರ್ಪಾಡು ಮಾಡಿರಲಿಲ್ಲ. 2021ರ ಒಂದೇ ವರ್ಷದಲ್ಲಿ ಮಾದಕದ ಅತಿಸೇವನೆಯಿಂದ ಅಲ್ಲಿ ಸತ್ತವರು ಒಂದು ಲಕ್ಷಕ್ಕೂ ಹೆಚ್ಚು.

ಇದನ್ನು ಕೇಳಿದವರು, ಅಫೀಮಿನ ಔಷಧಗಳನ್ನೆಲ್ಲ ನಿಷೇಧಿಸಿಬಿಡಿ ಎನ್ನಬಹುದು. ಆ ಪ್ರಯೋಗವನ್ನು ನಾವು ಮಾಡಿ ನೋಡಿದ್ದೇವೆ. 1985ರ ಮಾದಕವಸ್ತುಗಳ ಕಾಯಿದೆಯು ಎಷ್ಟೊಂದು ಪರವಾನಗಿಗಳನ್ನೂ ಎಂತಹ ಕಠಿಣ ಶಿಕ್ಷೆಗಳನ್ನೂ ವಿಧಿಸಿತೆಂದರೆ, ಆಸ್ಪತ್ರೆಗಳು ಮಾರ್ಫೀನನ್ನು ಇಟ್ಟುಕೊಳ್ಳಲು ಹೆದರಿದುವು. ಆ ವರ್ಷ 573 ಕಿಲೋಗ್ರಾಂ ಇದ್ದ ದೇಶದ ವಾರ್ಷಿಕ ಮಾರ್ಫೀನ್ ಬಳಕೆಯು 1997ರಲ್ಲಿ 18 ಕಿಲೋಗ್ರಾಮಿಗೆ ಇಳಿಯಿತು. ಜಗತ್ತಿಗೆ ಅಫೀಮನ್ನು ಬೆಳೆದುಕೊಡುವ ದೇಶದಲ್ಲಿ ಅರ್ಬುದರೋಗಿಗಳು ನೋವಿನಿಂದ ಚೀರಿಕೊಂಡು ಸತ್ತರು. ಕೇರಳದ ಡಾಕ್ಟರ್ ಎಂ. ಆರ್. ರಾಜಗೋಪಾಲರಂಥವರ ದೀರ್ಘಕಾಲದ ಹೋರಾಟದ ಫಲವಾಗಿ 2014ರಲ್ಲಿ ಕಾಯಿದೆಗೆ ತಿದ್ದುಪಡಿಯಾಯಿತು. ಬೆಂಗಳೂರಿನ ಕರುಣಾಶ್ರಯದಂತಹ ಕಡೆಗಳಲ್ಲಿ ಕೊನೆಯ ದಿನಗಳನ್ನು ಕಳೆಯುವ ರೋಗಿಗೆ ಮಾರ್ಫೀನು ವ್ಯಸನವಲ್ಲ, ಮಾನದಿಂದ ಸಾಯುವ ಹಾದಿ. ಆದುದರಿಂದ 2018ರಲ್ಲಿ ಟ್ರಮಡಾಲನ್ನು ಅದೇ ಕಾಯಿದೆಯ ವ್ಯಾಪ್ತಿಗೆ ತಂದಾಗ ಹರ್ಷಪಟ್ಟವರ ಜೊತೆಗೆ ಚಿಂತಿಸಿದವರೂ ಇದ್ದುದು ನ್ಯಾಯವೇ.

ಕಾರಣಗಳನ್ನು ವಿಚಾರಿಸುವಾಗ ಲಾಭಕೋರ ಕಂಪನಿಯನ್ನೂ ಅಲಸ ಅಧಿಕಾರಿಯನ್ನೂ ದೂರುವುದು ಸುಲಭ, ಅವಶ್ಯಕವೂ ಹೌದು. ಆದರೆ ನನ್ನ ವೃತ್ತಿಬಾಂಧವರಾದ ವೈದ್ಯರನ್ನು ನಾನು ಬಿಡಲಾರೆ. ಹೊರಗೆ ಬೆಂಚಿನ ಮೇಲೆ ಅರುವತ್ತು ಮಂದಿ ಕಾದಿರುವಾಗ ನಿದ್ರೆಯೇಕೆ ಬರುತ್ತಿಲ್ಲವೆಂದು ಕೇಳಿ ತಿಳಿಯಲು ಅರ್ಧ ಗಂಟೆ ಬೇಕು. ಮಾತ್ರೆಯ ಹೆಸರು ಬರೆಯಲು ಅರ್ಧ ನಿಮಿಷ ಸಾಕು. “ಏನಾದ್ರೂ ಬರ್ಕೊಡಿ ಡಾಕ್ಟ್ರೇ” ಎಂಬ ಒತ್ತಾಯವೂ ಸೇರಿದರೆ ಕೈ ತಾನಾಗಿಯೇ ಬರೆಯುತ್ತದೆ. ಮನೋರೋಗದ ಆಸ್ಪತ್ರೆಯ ಮೆಟ್ಟಿಲು ಹತ್ತಿದರೆ ಮಗಳ ಮದುವೆಗೆ ಅಡ್ಡಿಯಾದೀತೆಂದು ಅಂಜುವ ಸಮಾಜದಲ್ಲಿ, ಮೂಲೆಯ ಅಂಗಡಿಯೇ ಮನೋವೈದ್ಯನ ಸ್ಥಾನವನ್ನು ಪಡೆಯುವುದು ಆಶ್ಚರ್ಯವಲ್ಲ. ಇವೆಲ್ಲಕ್ಕಿಂತಲೂ ಬುಡದಲ್ಲಿರುವ ದೋಷವೆಂದು ನನಗೆ ತೋರುವುದು ಇದು: ನಮ್ಮ ಚೀಟಿಗಳಲ್ಲಿ ಆರಂಭವನ್ನು ಬರೆಯುತ್ತೇವೆ, ಮುಕ್ತಾಯವನ್ನು ಬರೆಯುವುದಿಲ್ಲ. ಔಷಧವನ್ನು ಮೊದಲುಮಾಡಿದವನೇ ಅದನ್ನು ನಿಲ್ಲಿಸುವ ಭಾರವನ್ನೂ ಹೊರಬೇಕೆಂಬ ಸಂಪ್ರದಾಯವು ನಮ್ಮಲ್ಲಿ ಬೇರೂರಿಲ್ಲ.

ವೈದ್ಯಮಿತ್ರರಲ್ಲಿ ನನ್ನ ಪ್ರಾರ್ಥನೆ ಇಷ್ಟೆ: ನಿದ್ರೆಯ ಮಾತ್ರೆಯನ್ನಾಗಲಿ ಅಫೀಮುವರ್ಗದ ನೋವಿನ ಮಾತ್ರೆಯನ್ನಾಗಲಿ ಬರೆಯುವ ದಿನವೇ, ಯಾವ ತಾರೀಖಿಗೆ ನಿಲ್ಲಿಸತಕ್ಕದ್ದು, ಹೇಗೆ ಇಳಿಸುತ್ತ ಬರತಕ್ಕದ್ದು ಎಂಬ ಇನ್ನೊಂದು ಸಾಲನ್ನು ಕನ್ನಡದಲ್ಲಿಯೇ ಬರೆಯಿರಿ. ಈ ಉಪನ್ಯಾಸವನ್ನು ಕೇಳಿ ಮನೆಗೆ ಹೋದವರು ತಾಯಿಯ ಅಥವಾ ಅತ್ತೆಯ ಮಾತ್ರೆಗಳನ್ನು ಈ ರಾತ್ರಿಯೇ ಕಸಕ್ಕೆ ಎಸೆಯಬೇಡಿರಿ, ಅದು ಅಪಾಯಕರ. ಅವರನ್ನು ಗದರಿಸದೆ, ಆ ಹಳೆಯ ಚೀಟಿಯನ್ನು ಹಿಡಿದುಕೊಂಡು ವೈದ್ಯನ ಬಳಿಗೆ ಜೊತೆಯಲ್ಲಿ ಹೋಗಿರಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ಧಾರವಾಡದ ಡಿಮ್ಹಾನ್ಸ್‌ನಲ್ಲಿಯೂ ಮನೋವೈದ್ಯರಿದ್ದಾರೆ. ಅಷ್ಟು ದೂರ ಹೋಗಲಾರದವರು ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯ 14416 ಸಂಖ್ಯೆಗೆ ಫೋನು ಮಾಡಿದರೆ ಶುಲ್ಕವಿಲ್ಲದೆ ಕನ್ನಡದಲ್ಲಿಯೇ ಮಾತನಾಡುವವರು ದೊರೆಯುತ್ತಾರೆ.