ಗರಡಿಮನೆಯ ನಾಲ್ಕು ಎಲ್ಲೆಗಳು



ಕೊಪ್ಪಳದ ಮಗ್ಗುಲಲ್ಲಿರುವ ನೇಕಾರರ ಊರು ನನ್ನ ಭಾಗ್ಯನಗರ. ನನ್ನ ಬಾಲ್ಯದಲ್ಲಿ, ಮಗ್ಗದ ಸದ್ದು ನಿಂತ ಸಂಜೆ, ಹುಡುಗರು ಕುಸ್ತಿಗೂ ಹಿರಿಯರು ಭಜನೆಗೂ ಸೇರುತ್ತಿದ್ದುದು ಒಂದು ಮಣ್ಣಿನ ಗರಡಿಮನೆಯಲ್ಲಿ. 2009ರ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮೊದಲ ವಾರದವರೆಗೆ ಉತ್ತರ ಕರ್ನಾಟಕದಲ್ಲಿ ಸುರಿದ ಮಳೆಗೆ 200ಕ್ಕೂ ಹೆಚ್ಚು ಜೀವಗಳು ಬಲಿಯಾದವು. ಆ ಗರಡಿಯ ಗೋಡೆಯೂ ಆಗ ಕುಸಿಯಿತು.

ಸರ್ಕಾರವು ದಾನಿಗಳ ನೆರವಿನೊಡನೆ ‘ಆಸರೆ’ ಯೋಜನೆಯಲ್ಲಿ ಮನೆಗಳನ್ನು ಕಟ್ಟಿಸಿತು. ಮೊದಲು ಸೂರು, ಅನಂತರ ಉಳಿದದ್ದು ಎಂಬುದು ನ್ಯಾಯವೇ. ಇಂದಿನ ರಾಜ್ಯ ವಿಪತ್ತು ಪರಿಹಾರ ನಿಧಿಗೆ ಕೇಂದ್ರವು ನೂರಕ್ಕೆ 75, ನಮ್ಮ ರಾಜ್ಯವು 25ರ ಪಾಲು ಕೊಡುತ್ತವೆ. ಪಂಚಾಯತಿಯ ಆಸ್ತಿಯಾದ ಸಮುದಾಯ ಭವನದ ತಾತ್ಕಾಲಿಕ ದುರಸ್ತಿಗೂ ಅದರ ನಿಯಮಗಳಲ್ಲಿ ಸ್ಥಳವುಂಟು. ತೊಡಕಿರುವುದು ‘ಆಸ್ತಿ’ ಎಂಬ ಶಬ್ದದಲ್ಲಿ. ಊರವರೇ ಮಣ್ಣು ಹೊತ್ತು ಕಟ್ಟಿದ ಗರಡಿಗೆ ದಾಖಲೆ ಎಲ್ಲಿಯದು? ಎಲ್ಲರದೂ ಆದದ್ದು ಕಾಗದದಲ್ಲಿ ಯಾರದೂ ಅಲ್ಲ.

ಇದರಲ್ಲಿ ನನ್ನ ತಪ್ಪೂ ಇದೆ. ತರಗತಿಯಲ್ಲಿ ವರ್ಷಾನುವರ್ಷ ಶಾಸನಗಳನ್ನು ಪಾಠ ಹೇಳಿದೆ. ಕೆರೆಗೆ, ಗುಡಿಗೆ ಬಿಟ್ಟ ಭೂಮಿಯ ಎಲ್ಲೆಗಳನ್ನು ಹಿರಿಯರು ಕಲ್ಲಿನಲ್ಲಿ ಕೊರೆಸಿದ ಬಗೆಯನ್ನು ವಿವರಿಸಿದೆ. ನಮ್ಮ ಗರಡಿಯ ನಾಲ್ಕು ಎಲ್ಲೆಗಳನ್ನು ಒಂದು ಅರ್ಜಿಯಲ್ಲಿ ಬರೆದುಕೊಡಬೇಕೆಂದು ಮಾತ್ರ ನನಗೆ ಹೊಳೆಯಲಿಲ್ಲ.

ಮುಂದಿನ ಮಳೆಗೆ ಮುನ್ನ ನಿಮ್ಮೂರಿನ ಗರಡಿ, ಬಯಲಾಟದ ಕಟ್ಟೆ, ವಾಚನಾಲಯಗಳನ್ನು ಸ್ಥಳೀಯ ಪಂಚಾಯತಿಯ ಆಸ್ತಿಪಟ್ಟಿಗೆ ಸೇರಿಸಿರಿ. ಮನೆ ಕಳೆದುಕೊಂಡವನಿಗೂ ಸಂಜೆ ನಾಲ್ವರೊಡನೆ ಕುಳಿತುಕೊಳ್ಳಲು ಒಂದು ಕಟ್ಟೆ ಬೇಕು.